ಚಲಾವಣೆಯ ಬಿಡಿನಾಣ್ಯಗಳು: ಮುಖಬೆಲೆಯಿಂದ ಸಂಗ್ರಹಬೆಲೆಗೆ

ನಾಣ್ಯಶಾಸ್ತ್ರವೆಂದೊಡನೆ ನಮ್ಮ ಮನಸ್ಸಿನ ಮುಂದೆ ನಿಲ್ಲುವುದು ಕದಂಬರ ಪದ್ಮಟಂಕ, ‘ಶ್ರೀ ತಳಕಾಡುಗೊಂಡ’ ಎಂಬ ಕನ್ನಡ ಬರಹವುಳ್ಳ ಹೊಯ್ಸಳ ವಿಷ್ಣುವರ್ಧನನ ಹೊನ್ನು, ವಿಜಯನಗರದ ವರಾಹ ಮೊದಲಾದವು. ರಾಜವಂಶಗಳ ಕಾಲನಿರ್ಣಯಕ್ಕೂ ಆರ್ಥಿಕ ಇತಿಹಾಸದ ರಚನೆಗೂ ಇವು ಒದಗಿಸಿದ ನೆರವು ಅಪಾರವಾದುದರಿಂದ ವಿದ್ವಾಂಸರ ಗಮನ ಅವುಗಳ ಮೇಲೆ ನಿಂತಿರುವುದು ಸಹಜವೇ ಆಗಿದೆ. ಆದರೆ ಸಂತೆಯಲ್ಲಿ ಸೊಪ್ಪು ಕೊಂಡವನ ಕೈಯಿಂದ ಮಾರಿದವಳ ಸೆರಗಿನ ಗಂಟಿಗೆ, ಅಲ್ಲಿಂದ ಅಂಗಡಿಯ ಗಲ್ಲಾಪೆಟ್ಟಿಗೆಗೆ ದಿನಕ್ಕೆ ಹತ್ತು ಬಾರಿ ಕೈ ಬದಲಿಸಿದ ಬಿಡಿಕಾಸುಗಳ ಕಡೆಗೆ ಅಷ್ಟು ಗಮನ ಹರಿದಿಲ್ಲ. ‘ಮೂರು ಕಾಸಿನ ಬೆಲೆಯಿಲ್ಲ’ ಎಂಬ ನಮ್ಮ ಆಡುಮಾತಿನಲ್ಲಿಯೇ ಈ ಅನಾದರ ನೆಲೆಸಿದೆ.

ಇಂತಹ ಮೂರು ಕಾಸಿನ ನಾಣ್ಯಗಳಲ್ಲಿ ಕೆಲವನ್ನು ಸಂಗ್ರಾಹಕರು ಮುಖಬೆಲೆಯ ಹಲವು ಪಟ್ಟು ಹಣ ತೆತ್ತು ಕೊಳ್ಳುತ್ತಾರೆ. ಅದೇ ಮುಖಬೆಲೆಯ, ನೋಡಲು ಅದರಂತೆಯೇ ಇರುವ ಇನ್ನೊಂದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಈ ಭೇದಕ್ಕೆ ಕಾರಣವೇನು? ಇದು ಕೇವಲ ಹವ್ಯಾಸಿಗಳ ಕುತೂಹಲದ ಪ್ರಶ್ನೆಯಲ್ಲ. ಬೆಲೆಯ ನಿಜವಾದ ಕಾರಣಗಳು ಜನಕ್ಕೆ ತಿಳಿಯದಿರುವುದರಿಂದ ಎರಡು ಬಗೆಯ ಹಾನಿ ಒದಗುತ್ತಿದೆ. ಒಂದು ಕಡೆ, ಬೆಲೆಯುಳ್ಳ ನಾಣ್ಯಗಳು ಗುಜರಿಯ ತಕ್ಕಡಿಗೂ ಕುಲುಮೆಗೂ ಹೋಗುತ್ತಿವೆ. ಇನ್ನೊಂದು ಕಡೆ, ಬೆಲೆಯಿಲ್ಲದ ಬಿಲ್ಲೆಗಳ ಹೆಸರಿನಲ್ಲಿ ಬಡವರು ಮೋಸಹೋಗುತ್ತಿದ್ದಾರೆ. ಪ್ರಸ್ತುತ ಲೇಖನದಲ್ಲಿ ಬ್ರಿಟಿಷ್ ಆಳ್ವಿಕೆಯ ಕೊನೆಯ ದಶಕಗಳಿಂದ ಈಚಿನ ಭಾರತೀಯ ಬಿಡಿನಾಣ್ಯಗಳನ್ನು ಮುಖ್ಯವಾಗಿ ಆಧಾರವಾಗಿಟ್ಟುಕೊಂಡು, ಅಗತ್ಯವಿರುವಲ್ಲಿ ಮೈಸೂರಿನ ತಾಮ್ರದ ಕಾಸುಗಳನ್ನೂ ಗಮನಿಸಿ, ಈ ಕಾರಣಗಳನ್ನು ವಿವೇಚಿಸಲಾಗಿದೆ.

ಪ್ರಾಚೀನತೆಯಲ್ಲ, ವಿರಳತೆ

ನಾಣ್ಯ ಹಳೆಯದಾದಷ್ಟೂ ಬೆಲೆ ಹೆಚ್ಚೆಂಬುದು ಜನಸಾಮಾನ್ಯರ ನಂಬಿಕೆ. ಇದು ಸರಿಯಲ್ಲ. ಈಸ್ಟ್ ಇಂಡಿಯಾ ಕಂಪನಿಯು 1835ರ ವರ್ಷಾಂಕವಿಟ್ಟು ಹೊರಡಿಸಿದ ತಾಮ್ರದ ಕಾಲಾಣೆ ಶತಮಾನವನ್ನು ದಾಟಿ ಎಷ್ಟೋ ವರ್ಷಗಳಾದವು. ಆದರೂ ಅದು ಅಪಾರ ಸಂಖ್ಯೆಯಲ್ಲಿ ಅಚ್ಚಾಗಿ ಹಳ್ಳಿಹಳ್ಳಿಗಳಿಗೂ ತಲುಪಿದ್ದರಿಂದ ಇಂದಿಗೂ ಸುಲಭವಾಗಿ ಸಿಗುತ್ತದೆ. ಸವೆದ ಪ್ರತಿಗಳಿಗೆ ಹೇಳಿಕೊಳ್ಳುವಂತಹ ಬೆಲೆಯಿಲ್ಲ. ಅದಕ್ಕಿಂತ ಮುಕ್ಕಾಲು ಶತಮಾನ ಈಚಿನದಾದ 1911ರ ರೂಪಾಯಿಯಾದರೋ ಸಂಗ್ರಾಹಕರು ಅರಸುವ ನಾಣ್ಯ.

ಈ 1911ರ ರೂಪಾಯಿಯ ಕಥೆ ಪ್ರಸಿದ್ಧವಾದುದು. ಐದನೆಯ ಜಾರ್ಜ್ ದೊರೆಯ ಹೆಸರಿನಲ್ಲಿ ಹೊರಟ ಆ ನಾಣ್ಯದ ಮುಮ್ಮುಖದಲ್ಲಿ ದೊರೆಯ ಉಡುಪಿನ ಮೇಲೆ ಚಿಕ್ಕದೊಂದು ಆನೆಯ ಚಿತ್ರವಿದೆ. ಅಚ್ಚು ಕೊರೆದವನು ಸೊಂಡಿಲನ್ನು ಮೊಟಕಾಗಿ ಕೊರೆದದ್ದರಿಂದ ಅದು ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಹಿಂದೂಗಳಿಂದಲೂ ಮುಸಲ್ಮಾನರಿಂದಲೂ ಆಕ್ಷೇಪ ಬಂದಿತು. ಸರ್ಕಾರ ನಾಣ್ಯವನ್ನು ಹಿಂದಕ್ಕೆ ಪಡೆದು, 1912ರ ನಾಣ್ಯಗಳಲ್ಲಿ ಸೊಂಡಿಲನ್ನು ಸ್ಪಷ್ಟಪಡಿಸಿತು. ಸುಮಾರು 94 ಲಕ್ಷ ನಾಣ್ಯಗಳು ಅಚ್ಚಾಗಿದ್ದರೂ ಜನರ ಕೈಗೆ ಬಂದವು ಸುಮಾರು 7 ಲಕ್ಷ ಮಾತ್ರ, ಉಳಿದವು ಕರಗಿದವು. ‘ಹಂದಿ ರೂಪಾಯಿ’ ಎಂಬ ಅಡ್ಡಹೆಸರಿನಿಂದ ಅದು ಇಂದಿಗೂ ಪರಿಚಿತವಾಗಿದೆ.

ಇಲ್ಲಿ ಒಂದು ತತ್ತ್ವ ಸ್ಪಷ್ಟವಾಗುತ್ತದೆ. ಎಷ್ಟು ನಾಣ್ಯಗಳು ಅಚ್ಚಾದವು ಎಂಬುದಕ್ಕಿಂತ ಎಷ್ಟು ಉಳಿದವು ಎಂಬುದೇ ಮುಖ್ಯ. ಉಳಿದವುಗಳ ಸಂಖ್ಯೆಗಿಂತ ಬೇಕೆನ್ನುವವರ ಸಂಖ್ಯೆ ಹೆಚ್ಚಾದಾಗ ಬೆಲೆ ಹುಟ್ಟುತ್ತದೆ. ಬೇಕೆನ್ನುವವರೇ ಇಲ್ಲದಿದ್ದರೆ ವಿರಳತೆಯೊಂದರಿಂದಲೇ ಬೆಲೆ ಬಾರದು.

ಲೋಹದ ಏರಿಳಿತ

ವಿರಳತೆಗೆ ದಾರಿಮಾಡಿಕೊಡುವ ಕಾರಣಗಳಲ್ಲಿ ಲೋಹದ ಬದಲಾವಣೆ ಮುಖ್ಯವಾದುದು. ಬ್ರಿಟಿಷ್ ಭಾರತದ ರೂಪಾಯಿಯಲ್ಲಿ ಸಾವಿರಕ್ಕೆ 917 ಭಾಗ ಬೆಳ್ಳಿಯಿರುತ್ತಿತ್ತು. ಎರಡನೆಯ ಮಹಾಯುದ್ಧದ ಒತ್ತಡದಿಂದ 1940ರಲ್ಲಿ ಇದನ್ನು 500 ಭಾಗಕ್ಕೆ ಇಳಿಸಲಾಯಿತು. ಹೀಗಾಗಿ 1939ರ ವರ್ಷಾಂಕವುಳ್ಳ ಆರನೆಯ ಜಾರ್ಜ್ ದೊರೆಯ ರೂಪಾಯಿಯೇ ಹಳೆಯ ಪ್ರಮಾಣದ ಬೆಳ್ಳಿಯ ಕೊನೆಯ ರೂಪಾಯಿಯಾಯಿತು. ಜನರ ಕೈಯಲ್ಲಿ ಅದು ಬಹಳ ಕಡಿಮೆ ಉಳಿದುದರಿಂದ ಆ ದೊರೆಯ ರೂಪಾಯಿಗಳಲ್ಲೆಲ್ಲ ಅದೇ ಅತ್ಯಂತ ದುರ್ಲಭವೆನಿಸಿದೆ. ಬೆರಕೆ ಬೆಳ್ಳಿಯ ನಾಣ್ಯ ಬಂದೊಡನೆ ಜನ ಒಳ್ಳೆಯ ಬೆಳ್ಳಿಯದನ್ನು ಮಡಕೆಯಲ್ಲಿ ಮುಚ್ಚಿಟ್ಟು ಬೆರಕೆಯದನ್ನು ಖರ್ಚುಮಾಡುವುದು ಎಲ್ಲ ಕಾಲಕ್ಕೂ ಸಲ್ಲುವ ರೂಢಿ. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ. ಹಿಮ್ಮುಖದಲ್ಲಿ ಹುಲಿಯ ಚಿತ್ರವಿರುವ ಅದು ನಿಕಲ್ ನಾಣ್ಯ.

ಯುದ್ಧಕಾಲದ ಇನ್ನೊಂದು ಸ್ಮಾರಕ 1943ರಿಂದ 1947ರವರೆಗಿನ, ನಡುವೆ ರಂಧ್ರವುಳ್ಳ ಒಂದು ಪೈಸೆ. ಹಿರಿಯರ ಬಾಯಲ್ಲಿ ಇದು ತೂತು ಕಾಸು. ತಾಮ್ರವನ್ನು ಉಳಿಸುವುದಕ್ಕಾಗಿ ತೂತು ಕೊರೆದ ಈ ಕಾಸನ್ನು ಜನ ಯಂತ್ರದ ಮೊಳೆಗಳಿಗೆ ವಾಷರಾಗಿಯೂ ಮಕ್ಕಳ ಉಡುದಾರದ ಬಿಲ್ಲೆಯಾಗಿಯೂ ಬಳಸಿದರು. ಸವೆದ ತೂತು ಕಾಸು ಈಗಲೂ ಹೇರಳವಾಗಿ ಸಿಗುತ್ತದೆ. ಆದರೆ ಟಂಕಸಾಲೆಯಿಂದ ಬಂದಂತೆಯೇ ಕೆಂಬಣ್ಣ ಆರದೆ ಉಳಿದ ಪ್ರತಿ ಸಿಗುವುದು ಅಪರೂಪ.

ಸ್ವಾತಂತ್ರ್ಯಾನಂತರವೂ ಈ ಕ್ರಮ ಮುಂದುವರಿಯಿತು. ಒಂದು ಪೈಸೆಯ ನಾಣ್ಯ 1957ರಲ್ಲಿ ಕಂಚಿನದಾಗಿತ್ತು, 1962ರಲ್ಲಿ ನಿಕಲ್ ಬೆರೆತ ಹಿತ್ತಾಳೆಯದಾಯಿತು, 1965ರಲ್ಲಿ ಅಲ್ಯುಮಿನಿಯಮ್ಮಿನದಾಯಿತು. 1968ರಲ್ಲಿ ಬಂದ ತಾವರೆಯ ಚಿತ್ರದ ಇಪ್ಪತ್ತು ಪೈಸೆ ಹಿತ್ತಾಳೆಯ ಹಳದಿಯಿಂದ ಜನರ ಮನಸ್ಸನ್ನು ಸೆಳೆಯಿತು. ಲಕ್ಷ್ಮೀಪೂಜೆಗೆಂದು ಅದನ್ನು ಎತ್ತಿಟ್ಟ ಮನೆಗಳಿವೆ. 1988ರಲ್ಲಿ ಹತ್ತು, ಇಪ್ಪತ್ತೈದು ಮತ್ತು ಐವತ್ತು ಪೈಸೆಗಳಿಗೂ 1992ರಲ್ಲಿ ಒಂದು ರೂಪಾಯಿಗೂ ಸ್ಟೇನ್‌ಲೆಸ್ ಸ್ಟೀಲ್ ಬಂದಿತು. ನಾಣ್ಯದ ಲೋಹದ ಬೆಲೆ ಮುಖಬೆಲೆಯನ್ನು ಮೀರಿದಾಗ ಅದು ಪೇಟೆಯಿಂದ ಮಾಯವಾಗುತ್ತದೆ. ಭಾರತದ ನಾಣ್ಯಗಳು ಬಾಂಗ್ಲಾದೇಶಕ್ಕೆ ಕಳ್ಳಸಾಗಣೆಯಾಗಿ ಅಲ್ಲಿ ಕ್ಷೌರದ ಬ್ಲೇಡುಗಳಾಗುತ್ತಿವೆಯೆಂದು 2007ರಲ್ಲಿ ಪತ್ರಿಕೆಗಳು ವರದಿ ಮಾಡಿದ್ದವು. ನಾಣ್ಯಗಳನ್ನು ಕರಗಿಸುವುದೂ ನಾಶಪಡಿಸುವುದೂ 2011ರ ನಾಣ್ಯ ಕಾಯಿದೆಯ ಪ್ರಕಾರ ಅಪರಾಧವಾಗಿದೆ.

ವರ್ಷಾಂಕ ಮತ್ತು ಟಂಕಸಾಲೆಯ ಗುರುತು

ಸಾಮಾನ್ಯನ ಕಣ್ಣಿಗೆ ಕಾಣದ, ಸಂಗ್ರಾಹಕನ ಕಣ್ಣು ಮೊದಲು ಹುಡುಕುವ ಅಂಶವೆಂದರೆ ವರ್ಷಾಂಕದ ಕೆಳಗಿನ ಅತಿ ಚಿಕ್ಕ ಗುರುತು. ಭಾರತ ಸರ್ಕಾರದ ನಾಲ್ಕು ಟಂಕಸಾಲೆಗಳಲ್ಲಿ ಮುಂಬಯಿಯದು ವಜ್ರಾಕೃತಿ, ಹೈದರಾಬಾದಿನದು ಐದು ಮೂಲೆಯ ನಕ್ಷತ್ರ, ನೋಯ್ಡಾದ್ದು ದುಂಡು ಚುಕ್ಕೆ. ಕೊಲ್ಕತ್ತದ ನಾಣ್ಯಗಳಿಗೆ ಗುರುತೇ ಇರುವುದಿಲ್ಲ. ಹೈದರಾಬಾದಿನ ಗುರುತು ಮೊದಲಿನಿಂದಲೂ ನಕ್ಷತ್ರವಾಗಿರಲಿಲ್ಲ. ಮೊದಲು ನಡುವೆ ಸೀಳಿದ ವಜ್ರ, ಬಳಿಕ ಚುಕ್ಕೆಯನ್ನೊಳಗೊಂಡ ವಜ್ರ, ಆ ಬಳಿಕ, 1960ರ ದಶಕದ ಕೊನೆಯ ಹೊತ್ತಿಗೆ, ನಕ್ಷತ್ರ ಬಳಕೆಗೆ ಬಂದವು.

ಒಂದೇ ವರ್ಷದಲ್ಲಿ ಒಂದು ಟಂಕಸಾಲೆ ಕೋಟಿಗಟ್ಟಲೆ ಅಚ್ಚು ಮಾಡಿದರೆ ಇನ್ನೊಂದು ಕೆಲವೇ ವಾರ ಕೆಲಸ ಮಾಡಿ ನಿಲ್ಲಿಸಿರಬಹುದು. ಮುಖಬೆಲೆ, ವರ್ಷ, ಟಂಕಸಾಲೆ ಎಂಬ ಮೂರನ್ನೂ ಒಂದು ಕೋಷ್ಟಕವಾಗಿ ಬರೆದುಕೊಂಡು ಪ್ರತಿ ಮನೆಯನ್ನೂ ತುಂಬಿಸಲು ಹೊರಟ ಸಂಗ್ರಾಹಕನಿಗೆ ಹೆಚ್ಚಿನ ಮನೆಗಳು ಚಿಲ್ಲರೆ ಅಂಗಡಿಯಲ್ಲಿಯೇ ತುಂಬುತ್ತವೆ. ಕೊನೆಯ ನಾಲ್ಕೈದು ಮನೆಗಳು ವರ್ಷಗಟ್ಟಲೆ ಖಾಲಿ ಉಳಿಯುತ್ತವೆ. ಅಂತಹ ಖಾಲಿ ಮನೆಯನ್ನು ತುಂಬುವ ನಾಣ್ಯವೇ ಬೆಲೆಯ ನಾಣ್ಯ.

ಈ ಗುರುತುಗಳು ದೇಶದ ಚರಿತ್ರೆಯನ್ನೂ ಹೇಳುತ್ತವೆ. ಯುದ್ಧಕಾಲದಲ್ಲಿ ಲಾಹೋರಿನಲ್ಲಿ ಟಂಕಸಾಲೆಯೊಂದು ಕೆಲಸ ಮಾಡಿತು. ಅದರ ನಾಣ್ಯಗಳ ಮೇಲೆ ‘ಎಲ್’ ಎಂಬ ಅಕ್ಷರವಿದೆ. ದೇಶವಿಭಜನೆಯಿಂದ ಆ ಊರು ಪಾಕಿಸ್ತಾನಕ್ಕೆ ಸೇರಿತು. ಅದರ ಗುರುತುಳ್ಳ ನಾಣ್ಯಗಳು ನಮ್ಮ ಮನೆಗಳಲ್ಲಿ ಉಳಿದವು. 1980ರ ದಶಕದಲ್ಲಿ ಚಿಲ್ಲರೆಯ ಅಭಾವ ತೀವ್ರವಾದಾಗ ಸರ್ಕಾರ ಹೊರದೇಶಗಳಲ್ಲಿಯೂ ನಾಣ್ಯ ಅಚ್ಚು ಹಾಕಿಸಿತು. 1985ರ ಕೆಲವು ಒಂದು ರೂಪಾಯಿ ನಾಣ್ಯಗಳಲ್ಲಿ ಕಾಣುವ ‘ಎಚ್’ ಅಕ್ಷರ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಹೀಟನ್ ಟಂಕಸಾಲೆಯದು. ಮಿಠಾಯಿಯನ್ನೋ ಬೆಂಕಿಪೊಟ್ಟಣವನ್ನೋ ಚಿಲ್ಲರೆಗೆ ಬದಲಾಗಿ ಅಂಗಡಿಯವನು ಕೊಡುತ್ತಿದ್ದ ದಿನಗಳನ್ನು ಕಂಡವರಿಗೆ ಆ ಒಂದು ಅಕ್ಷರದ ಅರ್ಥವನ್ನು ವಿವರಿಸಬೇಕಾಗಿಲ್ಲ.

ವಿನ್ಯಾಸ ಮತ್ತು ಬರಹ

1950ರ ಆಗಸ್ಟ್ 15ರಂದು ಗಣರಾಜ್ಯದ ಮೊದಲ ನಾಣ್ಯಮಾಲಿಕೆ ಹೊರಟಿತು. ದೊರೆಯ ತಲೆಯಿದ್ದೆಡೆಯಲ್ಲಿ ಅಶೋಕನ ಸಿಂಹಸ್ತಂಭ ಬಂದಿತು. ರೂಪಾಯಿಯ ಮೇಲೆ ತೆನೆ, ಆಣೆಯ ಮೇಲೆ ಎತ್ತು, ಪೈಸೆಯ ಮೇಲೆ ಕುದುರೆ ಮೂಡಿದವು. ಆದರೆ ಲೆಕ್ಕ ಹಳೆಯದೇ ಆಗಿತ್ತು: ರೂಪಾಯಿಗೆ ಹದಿನಾರಾಣೆ, ಅರವತ್ತನಾಲ್ಕು ಪೈಸೆ. 1957ರ ಏಪ್ರಿಲ್ 1ರಂದು ದಶಮಾನ ಪದ್ಧತಿ ಜಾರಿಗೆ ಬಂದು ರೂಪಾಯಿಗೆ ನೂರು ‘ನಯಾ ಪೈಸೆ’ ಆಯಿತು. ಹೊಸ ಪೈಸೆಯೆಂದರೆ ಎಷ್ಟು ಎಂಬ ಗೊಂದಲ ಬಾರದಿರಲೆಂದು, ಅದು ರೂಪಾಯಿಯ ನೂರನೆಯ ಒಂದು ಭಾಗವೆಂಬ ವಿವರಣೆಯನ್ನು ಹಿಂದಿಯಲ್ಲಿ ನಾಣ್ಯದ ಮೇಲೆಯೇ ಬರೆಯಲಾಯಿತು. 1964ರ ಜೂನ್ 1ರಿಂದ ‘ನಯಾ’ ಎಂಬ ಪದ ಬಿದ್ದುಹೋಯಿತು. ಒಂದು ಆಣೆ ಆರೂಕಾಲು ನಯಾ ಪೈಸೆಗೆ ಸಮನಾದುದರಿಂದ ಸಣ್ಣ ಲೆಕ್ಕಗಳಲ್ಲಿ ತೊಡಕುಂಟಾಯಿತು; ನಾಲ್ಕಾಣೆ, ಎಂಟಾಣೆಗಳು ಮಾತ್ರ ಇಪ್ಪತ್ತೈದು, ಐವತ್ತು ಪೈಸೆಗಳಿಗೆ ಸರಿಯಾಗಿ ಹೊಂದಿದವು. ಆಣೆ ಹೋದ ಮೇಲೂ ನಮ್ಮ ಮಾತಿನಲ್ಲಿ ಆ ಎರಡು ಹೆಸರುಗಳು ಉಳಿದುದಕ್ಕೆ ಇದೇ ಕಾರಣ.

ಬೇಗನೆ ಕೈಬಿಟ್ಟ ವಿನ್ಯಾಸ ಸಂಗ್ರಾಹಕರ ಆಸಕ್ತಿಯನ್ನು ಕೆರಳಿಸುತ್ತದೆ. ‘ಅನೇಕತೆಯಲ್ಲಿ ಏಕತೆ’ ಎಂಬ ಆಶಯದಿಂದ ಈ ಶತಮಾನದ ಮೊದಲ ದಶಕದಲ್ಲಿ ಬಂದ ಎರಡು ರೂಪಾಯಿಯ ಉಕ್ಕಿನ ನಾಣ್ಯದಲ್ಲಿ ಒಂದನ್ನೊಂದು ಅಡ್ಡಹಾಯುವ ಗೆರೆಗಳೂ ನಾಲ್ಕು ಚುಕ್ಕೆಗಳೂ ಇದ್ದವು. ಅದರಲ್ಲಿ ಶಿಲುಬೆಯನ್ನು ಕಂಡು ಕೆಲವರು ಆಕ್ಷೇಪವೆತ್ತಿದರು. 2007ರಲ್ಲಿ ಹಸ್ತಮುದ್ರೆಗಳ ಮಾಲಿಕೆ ಬಂದಿತು. 2010ರಲ್ಲಿ ಅಂಗೀಕೃತವಾದ ರೂಪಾಯಿಯ ಚಿಹ್ನೆ 2011ರ ಮಾಲಿಕೆಯಲ್ಲಿ ನಾಣ್ಯವನ್ನೇರಿತು.

ಸ್ಮರಣಾರ್ಥ ನಾಣ್ಯಗಳಲ್ಲಿ ಚಲಾವಣೆಗಾಗಿ ಹೊರಟವು, ಸಂಗ್ರಾಹಕರಿಗೆ ಮಾರುವುದಕ್ಕಾಗಿಯೇ ಹೊರಟವು ಎಂಬ ಭೇದವನ್ನು ಮರೆಯಬಾರದು. ಗಣರಾಜ್ಯದ ಮೊದಲ ಸ್ಮರಣಾರ್ಥ ನಾಣ್ಯಗಳು 1964ರಲ್ಲಿ ಜವಾಹರಲಾಲ್ ನೆಹರೂ ಅವರ ನೆನಪಿಗಾಗಿ ಹೊರಟವು. ಅವುಗಳಲ್ಲಿ ಐವತ್ತು ಪೈಸೆಯ ಮೇಲಿನ ಹೆಸರು ಇಂಗ್ಲಿಷಿನಲ್ಲಿರುವ ಮತ್ತು ಹಿಂದಿಯಲ್ಲಿರುವ ಎರಡು ಬಗೆಗಳಿವೆ. ಕನ್ನಡಿಗರಿಗೆ ಆಪ್ತವಾದುದು ಮಹಾತ್ಮ ಬಸವೇಶ್ವರರ ಸ್ಮರಣಾರ್ಥ 2006ರಲ್ಲಿ ಹೊರಟ ಐದು ರೂಪಾಯಿ. ಇದರೊಡನೆ ನೂರು ರೂಪಾಯಿಯ ನಾಣ್ಯವೂ ಹೊರಟಿತು. ಆದರೆ ಅದು ಪೇಟೆಗೆ ಬಂದದ್ದಲ್ಲ, ಸಂಪುಟಗಳಲ್ಲಿ ಮಾರಾಟವಾದದ್ದು. ಐದು ರೂಪಾಯಿಯದು ಬಸ್ಸಿನ ನಿರ್ವಾಹಕನ ಚೀಲದಲ್ಲಿಯೂ ಸಿಕ್ಕಿತು. ನಮ್ಮ ವಿವೇಚನೆಗೆ ಸೇರುವುದು ಈ ಎರಡನೆಯದೇ.

ಅಚ್ಚಿನ ತಪ್ಪುಗಳು

ಯಂತ್ರದ ಟಂಕನದಲ್ಲಿ ಲೋಹದ ಬಿಲ್ಲೆಯೊಂದು ಎರಡು ಅಚ್ಚುಗಳ ನಡುವೆ ಸಿಕ್ಕಿ ಒಂದೇ ಪೆಟ್ಟಿಗೆ ನಾಣ್ಯವಾಗುತ್ತದೆ. ಬಿಲ್ಲೆ ತನ್ನ ಸ್ಥಾನದಲ್ಲಿ ಸರಿಯಾಗಿ ಕೂರದಿದ್ದರೆ ಚಿತ್ರ ಒಂದು ಪಕ್ಕಕ್ಕೆ ಸರಿದು ಅರ್ಧಚಂದ್ರಾಕಾರದ ಖಾಲಿ ಜಾಗ ಉಳಿಯುತ್ತದೆ. ಅಚ್ಚು ಬಿರುಕುಬಿಟ್ಟಿದ್ದರೆ ಆ ಬಿರುಕು ಉಬ್ಬಿದ ಗೆರೆಯಾಗಿ ನಾಣ್ಯದ ಮೇಲೆ ಮೂಡುತ್ತದೆ. ಅಚ್ಚಾದ ನಾಣ್ಯವೊಂದು ಕೆಳಗೆ ಬೀಳದೆ ಅಚ್ಚಿಗೇ ಅಂಟಿಕೊಂಡಿತೆನ್ನೋಣ. ಮುಂದಿನ ಬಿಲ್ಲೆಯ ಒಂದು ಬದಿಗೆ ಪೆಟ್ಟು ಬೀಳುವುದು ಅಚ್ಚಿನಿಂದಲ್ಲ, ಆ ನಾಣ್ಯದಿಂದ. ಆಗ ಒಂದು ಬದಿಯಲ್ಲಿ ಚಿತ್ರ ಎಂದಿನಂತೆ ಉಬ್ಬಿಯೂ ಇನ್ನೊಂದು ಬದಿಯಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ತಗ್ಗಾಗಿಯೂ ಇರುತ್ತದೆ. ಇದನ್ನು ಸಂಗ್ರಾಹಕರು ಬ್ರೋಕೇಜ್ ಎನ್ನುತ್ತಾರೆ.

ಟಂಕಸಾಲೆಯ ತಪಾಸಣೆಯಲ್ಲಿ ಇಂತಹವನ್ನು ಆರಿಸಿ ತೆಗೆಯುವುದರಿಂದ ಹೊರಬಂದವು ಕಡಿಮೆ. ಆದುದರಿಂದಲೇ ಅವುಗಳಿಗೆ ಬೆಲೆ. ಆದರೆ ಟಂಕಸಾಲೆಯ ತಪ್ಪು ಬೇರೆ, ಪೇಟೆಯ ಪೆಟ್ಟು ಬೇರೆ. ಸುತ್ತಿಗೆಯಿಂದ ಜಜ್ಜಿದ, ಅರದಿಂದ ಉಜ್ಜಿದ, ರೈಲುಕಂಬಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯ ಹಾಳಾದ ನಾಣ್ಯವೇ ಹೊರತು ವಿರಳವಾದುದಲ್ಲ. ತೂಕ, ವ್ಯಾಸ ಮತ್ತು ಅಂಚುಗಳನ್ನು ಪರೀಕ್ಷಿಸಿದರೆ ಈ ಭೇದ ಸಾಮಾನ್ಯವಾಗಿ ತಿಳಿಯುತ್ತದೆ.

ಸ್ಥಿತಿ ಮತ್ತು ಸಂರಕ್ಷಣೆ

ಒಂದೇ ವರ್ಷದ, ಒಂದೇ ಟಂಕಸಾಲೆಯ ಎರಡು ನಾಣ್ಯಗಳ ನಡುವೆ ಬೆಲೆಯ ಅಂತರವನ್ನು ನಿರ್ಧರಿಸುವುದು ಅವುಗಳ ಸ್ಥಿತಿ. ಚಲಾವಣೆಯ ನಾಣ್ಯ ಸವೆಯುವುದಕ್ಕಾಗಿಯೇ ಹುಟ್ಟಿದುದು. ಆದುದರಿಂದ ಸವೆಯದೆ ಉಳಿದುದೇ ಅದರಲ್ಲಿ ವಿಶೇಷ. ಸಿಂಹಗಳ ಕೇಸರ, ತೆನೆಯ ಕಾಳು, ದೊರೆಯ ಕಿರೀಟದ ಮಣಿ ಮೊದಲಾದ ಎತ್ತರದ ಭಾಗಗಳು ಮೊದಲು ಸವೆಯುತ್ತವೆ. ಸಂಗ್ರಾಹಕನು ಅಲ್ಲಿಯೇ ಮೊದಲು ನೋಡುತ್ತಾನೆ.

ನಮ್ಮ ಮನೆಗಳಲ್ಲಿ ನಾಣ್ಯಗಳಿಗೆ ಅತ್ಯಂತ ಹೆಚ್ಚಿನ ಹಾನಿಯಾಗಿರುವುದು ಭಕ್ತಿಯಿಂದ. ಹಬ್ಬದ ಹಿಂದಿನ ದಿನ ದೇವರ ಪಾತ್ರೆಗಳೊಡನೆ ಪೆಟ್ಟಿಗೆಯ ಹಳೆಯ ಕಾಸುಗಳನ್ನೂ ಹುಣಸೆಹಣ್ಣು, ಬೂದಿಗಳಿಂದ ತಿಕ್ಕಿ ತೊಳೆಯುವುದು ರೂಢಿ. ತಾಮ್ರ ಥಳಥಳಿಸುತ್ತದೆ ನಿಜ. ಆದರೆ ದಶಕಗಳಿಂದ ಮೇಲ್ಮೈಯಲ್ಲಿ ಕೂಡಿಬಂದ ಕಂದು ಪದರ ಕರಗಿಹೋಗಿ ಸೂಕ್ಷ್ಮ ಗೀರುಗಳು ಉಳಿಯುತ್ತವೆ. ಆ ಪದರ ಕೊಳೆಯಲ್ಲ. ಒಳಗಿನ ಲೋಹವನ್ನು ಕಾಪಾಡುವ ಹೊದಿಕೆ. ಅದು ಹೋದೊಡನೆ ನಾಣ್ಯದ ಸಂಗ್ರಹಬೆಲೆಯೂ ಬಹುಮಟ್ಟಿಗೆ ಹೋಗುತ್ತದೆ. ನಾಣ್ಯವನ್ನು ತೊಳೆಯದಿರುವುದು, ಅಂಚು ಹಿಡಿದು ಎತ್ತುವುದು, ಒಣಗಿದ ಜಾಗದಲ್ಲಿ ಒಂದಕ್ಕೊಂದು ಉಜ್ಜದಂತೆ ಕಾಗದದ ಲಕೋಟೆಗಳಲ್ಲಿ ಇಡುವುದು—ಇಷ್ಟೇ ಸಾಕು. ಇದಕ್ಕೆ ಖರ್ಚೇನೂ ಇಲ್ಲ.

ಮೈಸೂರಿನ ತಾಮ್ರದ ಕಾಸುಗಳು

ಬಿಡಿನಾಣ್ಯದ ಸೂಕ್ಷ್ಮಭೇದಗಳಿಗೆ ಶಾಸ್ತ್ರೀಯ ಬೆಲೆಯುಂಟೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉತ್ತಮ ನಿದರ್ಶನವಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಸಾಮಾನ್ಯರ ಕೈಯಲ್ಲಿ ಓಡಾಡಿದ್ದು ಆನೆಯ ಚಿತ್ರವುಳ್ಳ ತಾಮ್ರದ ಪೈಸೆ. ಅದಕ್ಕೆ ‘ಜೋಹ್ರಾ’ ಎಂದೂ ಅದರ ಅರ್ಧಕ್ಕೆ ‘ಬಹ್ರಾಂ’ ಎಂದೂ ಅವನು ಹೆಸರಿಟ್ಟಿದ್ದನು. ಆನೆ ಎಡಕ್ಕೆ ನಡೆಯುತ್ತಿದೆಯೋ ಬಲಕ್ಕೋ, ಟಂಕಸಾಲೆ ಪಟ್ಟಣವೆನಿಸಿದ ಶ್ರೀರಂಗಪಟ್ಟಣವೋ ನಗರವೋ ‘ಫರ್ರುಖ್‌ಯಾಬ್ ಹಿಸಾರ್’ ಎಂದು ಕರೆಸಿಕೊಂಡ ಚಿತ್ರದುರ್ಗವೋ ಎಂಬುದರ ಮೇಲೆ ಬಗೆಗಳು ಬೇರೆಯಾಗುತ್ತವೆ. ಹೊಸದಾಗಿ ತಂದ ಮೌಲೂದಿ ಶಕೆಯ ವರ್ಷಾಂಕಗಳನ್ನು ಅವನು ಬಲದಿಂದ ಎಡಕ್ಕೆ ಬರೆಯಿಸಿದ್ದರಿಂದ ಓದುವವರು ಎಚ್ಚರ ವಹಿಸಬೇಕು. ಶ್ರೀರಂಗಪಟ್ಟಣ, ನಗರಗಳ ಪೈಸೆಗಳು ಹೇರಳ. ಕೆಲವು ಟಂಕಸಾಲೆಗಳವು ದುರ್ಲಭ. ಜೆ. ಆರ್. ಹೆಂಡರ್ಸನ್ ಅವರು 1921ರಲ್ಲಿ ಹೈದರ್ ಮತ್ತು ಟಿಪ್ಪು ನಾಣ್ಯಗಳ ಗ್ರಂಥವನ್ನು ಪ್ರಕಟಿಸಲು ಸಾಧ್ಯವಾದದ್ದು ಇಂತಹ ಬಿಡಿಕಾಸುಗಳನ್ನು ಯಾರೋ ಕರಗಿಸದೆ ಉಳಿಸಿದ್ದರಿಂದ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳಲ್ಲಿ ಕನ್ನಡ, ಪಾರಸಿ, ಇಂಗ್ಲಿಷ್ ಮೂರೂ ಬರಹಗಳು ಕಾಣಿಸಿಕೊಂಡವು. ಒಂದು ಕಾಲದ ಆಡಳಿತ ಯಾವ ಯಾವ ಭಾಷೆಗಳಲ್ಲಿ ಜನರೊಡನೆ ಮಾತನಾಡಬೇಕಾಗಿತ್ತೆಂಬುದನ್ನು ಹೆಬ್ಬೆರಳಿನಷ್ಟು ಅಗಲದ ತಾಮ್ರ ಹೇಳುತ್ತದೆ. ಮೈಸೂರಿನಲ್ಲಿದ್ದ ಆ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿತು. ಕರ್ನಾಟಕದ ನಾಣ್ಯಗಳ ಸಮಗ್ರ ಅಧ್ಯಯನವನ್ನು 1975ರ ತಮ್ಮ ಗ್ರಂಥದಲ್ಲಿ ಒದಗಿಸಿದ ಪ್ರೊ. ಎ. ವಿ. ನರಸಿಂಹಮೂರ್ತಿಯವರಂತಹ ವಿದ್ವಾಂಸರ ಕಾರ್ಯದ ಹಿಂದೆಯೂ ಹೀಗೆ ಉಳಿದುಬಂದ ನಾಣ್ಯಗಳಿವೆ.

ವದಂತಿ ಮತ್ತು ವಂಚನೆ

ತಿಳಿವಳಿಕೆಯಿಲ್ಲದೆಡೆ ವದಂತಿ ಬೆಳೆಯುತ್ತದೆ. ರಾಮಪಟ್ಟಾಭಿಷೇಕದ ಅಥವಾ ಹನುಮಂತನ ಚಿತ್ರವೂ ‘1818’ ಎಂಬ ಅಂಕಿಯೂ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ ಇರುವ ಬಿಲ್ಲೆಗಳನ್ನು ಲಕ್ಷಾಂತರ ರೂಪಾಯಿಯ ನಾಣ್ಯಗಳೆಂದು ತೋರಿಸುವವರಿದ್ದಾರೆ. ಕಂಪನಿ ಅಂತಹ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಅವು ಪೂಜೆಗೆಂದು ಈಚೆಗೆ ತಯಾರಾದ ಬಿಲ್ಲೆಗಳು. ಹಳೆಯ ತಾಮ್ರಕ್ಕೆ ಅಕ್ಕಿಯ ಕಾಳನ್ನು ಸೆಳೆಯುವ ಶಕ್ತಿಯುಂಟೆಂದು ನಂಬಿಸಿ ಹಣ ಕೀಳುವ ‘ರೈಸ್ ಪುಲ್ಲಿಂಗ್’ ದಂಧೆಯೂ ಇದೇ ಜಾತಿಯದು. ವೈಷ್ಣೋದೇವಿಯ ಚಿತ್ರವಿರುವ ನಾಣ್ಯಕ್ಕೆ ಲಕ್ಷಗಳ ಬೆಲೆಯುಂಟೆಂಬ ಮಾತೂ ಹಾಗೆಯೇ. ಅದು 2012ರಲ್ಲಿ ದೊಡ್ಡ ಸಂಖ್ಯೆಯಲ್ಲಿ ಚಲಾವಣೆಗೆ ಬಂದ ಸ್ಮರಣಾರ್ಥ ನಾಣ್ಯ.

ಹಳೆಯ ನಾಣ್ಯಗಳನ್ನು ಕೊಳ್ಳುವುದಾಗಿ ಹೇಳಿ, ಮುಂಗಡವಾಗಿ ಶುಲ್ಕ, ದಲ್ಲಾಳಿ, ತೆರಿಗೆ ಎಂದು ಹಣ ಕೇಳುವವರು ತನ್ನ ಹೆಸರನ್ನು ದುರುಪಯೋಗಪಡಿಸುತ್ತಿದ್ದಾರೆಂದು ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತು. ತಾನು ಇಂತಹ ವ್ಯವಹಾರದಲ್ಲಿ ತೊಡಗಿಲ್ಲವೆಂದೂ ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದೂ ಅದು ಸ್ಪಷ್ಟಪಡಿಸಿದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು ಎಂಬ ಸರಳ ವಿವೇಕ ಇಲ್ಲಿ ಸಾಕು. ಇದಕ್ಕೆ ತದ್ವಿರುದ್ಧವಾದ ವದಂತಿಯೂ ಉಂಟು. ಹತ್ತು ರೂಪಾಯಿಯ ನಾಣ್ಯಗಳಲ್ಲಿ ಕೆಲವು ಖೋಟಾ ಎಂಬ ಗಾಳಿಸುದ್ದಿಯಿಂದ ನಮ್ಮ ಅಂಗಡಿಗಳಲ್ಲಿ ಅವನ್ನು ನಿರಾಕರಿಸಿದ್ದು ಎಲ್ಲರ ಅನುಭವ. ಆ ವೇಳೆಗೆ ಹೊರಟಿದ್ದ 14 ವಿನ್ಯಾಸಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಪ್ರಕಟಿಸಬೇಕಾಯಿತು.

ಕಾನೂನಿನ ಎರಡು ಅಂಶಗಳನ್ನೂ ಇಲ್ಲಿ ನೆನೆಯಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ನೂರು ವರ್ಷ ತುಂಬಿದ ನಾಣ್ಯ ಪುರಾವಸ್ತುವೆನಿಸುತ್ತದೆ. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ನೆಲದಲ್ಲಿ ಹೂತಿಟ್ಟದ್ದು ಸಿಕ್ಕಿದರೆ ಅದು ನಿಧಿ; ಅದನ್ನು ಅಧಿಕಾರಿಗಳಿಗೆ ತಿಳಿಸಬೇಕು. ಪ್ರತಿ ವರ್ಷ ಇನ್ನೊಂದು ವರ್ಷದ ಬಿಡಿಕಾಸುಗಳು ಈ ನೂರರ ಗೆರೆಯನ್ನು ದಾಟುತ್ತಿವೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಚಲಾವಣೆಯ ನಾಣ್ಯದ ಸಂಗ್ರಹಬೆಲೆಗೆ ವಿರಳತೆ, ಬೇಡಿಕೆ, ಲೋಹ, ವರ್ಷ ಹಾಗೂ ಟಂಕಸಾಲೆ, ವಿನ್ಯಾಸಭೇದ, ಅಚ್ಚಿನ ತಪ್ಪು ಮತ್ತು ಸ್ಥಿತಿ ಎಂಬ ಅಂಶಗಳು ಕಾರಣವೆಂಬುದು ಸ್ಪಷ್ಟವಾಗುತ್ತದೆ. ಇವುಗಳಲ್ಲಿ ಯಾವುದೂ ಪವಾಡವಲ್ಲ. ಎಲ್ಲವೂ ಕಣ್ಣಿಂದ ನೋಡಿ, ತೂಗಿ, ಹೋಲಿಸಿ ತಿಳಿಯಬಹುದಾದವು.

2011ರ ಜೂನ್ 30ರಂದು ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕಡಿಮೆಯ ಎಲ್ಲ ನಾಣ್ಯಗಳೂ ಚಲಾವಣೆ ಕಳೆದುಕೊಂಡವು. ನಾಲ್ಕಾಣೆಯೆಂಬ ಮಾತಿಗೆ ಅಂದು ವಸ್ತುವಿಲ್ಲದಂತಾಯಿತು. ಮುಖಬೆಲೆ ಸತ್ತ ದಿನದಿಂದ ನಾಣ್ಯದ ಎರಡನೆಯ ಬದುಕು ಆರಂಭವಾಗುತ್ತದೆ. ಆದರೆ ಉಳಿದವುಗಳಿಗೆ ಮಾತ್ರ. ಹೆಚ್ಚಿನ ಮನೆಗಳ ಹಳೆಯ ಡಬ್ಬಿಗಳಲ್ಲಿ ಇಂದಿಗೂ ಒಂದು ಹಿಡಿ ಬಿಡಿಕಾಸು ಇದೆ. ಅದನ್ನು ಗುಜರಿಗೆ ಸುರಿಯುವ ಮುನ್ನ ಒಮ್ಮೆ ಬೆಳಕಿಗೆ ಹಿಡಿದು ವರ್ಷವನ್ನೂ ಅದರ ಕೆಳಗಿನ ಗುರುತನ್ನೂ ಓದುವುದು, ಯಾರ ಮನೆಯದು, ಯಾವ ಊರಿನದು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡುವುದು ಅಗತ್ಯ. ಹೆಚ್ಚಿನವಕ್ಕೆ ಪೇಟೆಯಲ್ಲಿ ಬೆಲೆ ಬಾರದು. ಆದರೆ ಒಂದು ಊರಿಗೆ ಯಾವ ಕಾಲದಲ್ಲಿ ಯಾವ ಟಂಕಸಾಲೆಯ ಹಣ ಬಂದಿತು, ಎಷ್ಟು ಕಾಲ ಓಡಾಡಿತು ಎಂಬುದನ್ನು ನಾಳಿನ ಸಂಶೋಧಕನಿಗೆ ಹೇಳಬಲ್ಲದ್ದು ಆ ಚೀಟಿಯೊಡನಿರುವ ಸವೆದ ಕಾಸೇ.